ಒಲೆಯ ಹೊಗೆಯೂ ಒಡಲ ಕೂಸೂ

ಕಳವಾರಬೆಟ್ಟವನ್ನು ಹಿಂದೆ ಬಿಟ್ಟು, ಚಿಕ್ಕಬಳ್ಳಾಪುರವನ್ನು ದಾಟಿ ಶಿಡ್ಲಘಟ್ಟಕ್ಕೆ ಬಂದವರನ್ನು ಮೊದಲು ಎದುರುಗೊಳ್ಳುವುದು ಬೆಂದ ರೇಷ್ಮೆಗೂಡಿನ ವಾಸನೆ. ರಾಜ್ಯದ ಹೆಸರಾಂತ ಗೂಡಿನ ಮಾರುಕಟ್ಟೆಗಳಲ್ಲಿ ಒಂದು ಇಲ್ಲಿದೆ. ಹರಾಜಿನಲ್ಲಿ ಕೊಂಡ ಗೂಡು ನೂಲು ಬಿಚ್ಚುವ ಮನೆಗಳನ್ನು ಸೇರಿ ಬಿಸಿನೀರಿನಲ್ಲಿ ಬೇಯುತ್ತದೆ. ಗೂಡಿನ ಅಂಟು ಕರಗಿ ಎಳೆ ಸಡಿಲವಾಗಬೇಕಾದರೆ ನೀರು ಸದಾ ಕಾದಿರಬೇಕು. ನೀರು ಕಾದಿರಬೇಕಾದರೆ ಒಲೆ ಆರದೆ ಉರಿಯಬೇಕು. ಹಲವು ಸಣ್ಣ ಘಟಕಗಳಲ್ಲಿ ಆ ಒಲೆಗೆ ಇಂದಿಗೂ ಸೌದೆಯೇ ಆಹಾರ. ಅದರ ಬಳಿ ಕುಳಿತು ಎಳೆಯ ತುದಿ ಹುಡುಕುವವರಲ್ಲಿ ಹೆಂಗಸರು ಬಹಳ ಮಂದಿ. ಅವರಲ್ಲೊಬ್ಬಳು ಗರ್ಭಿಣಿಯಾಗಿದ್ದರೆ ಆ ಹೊಗೆ ಎಲ್ಲಿಯವರೆಗೆ ಹೋದೀತು?

ಹೊಗೆ ಕಣ್ಣನ್ನು ಉರಿಸುತ್ತದೆ, ಎದೆಯನ್ನು ಕೆಡಿಸುತ್ತದೆ ಎಂಬುದನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ತಾಯಿ ಉಸಿರಾಡಿದ ಮಸಿ ಅವಳ ಶ್ವಾಸಕೋಶದಲ್ಲಿಯೇ ನಿಲ್ಲುವುದೆಂದೂ, ಮಾಸು ಎಂಬ ಕೋಟೆಯೊಳಗೆ ಕೂಸು ಸುರಕ್ಷಿತವಾಗಿರುವುದೆಂದೂ ನಾವು ನೆಮ್ಮದಿಯಿಂದಿದ್ದೆವು. ಆ ನೆಮ್ಮದಿಗೆ ಈಗ ಭಂಗ ಬಂದಿದೆ.

ಮಾಸನ್ನು ದಾಟಿದ ಮಸಿ

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ನೂರು ನ್ಯಾನೋಮೀಟರಿಗಿಂತ ಸಣ್ಣದಾದ ಕಣವೇ ನ್ಯಾನೋಕಣ. ನಮ್ಮ ತಲೆಗೂದಲಿನ ದಪ್ಪ ಇದರ ನೂರಾರು ಪಟ್ಟು ಹೆಚ್ಚು. ಸೌದೆ, ಡೀಸೆಲ್, ಕಸ—ಯಾವುದನ್ನು ಸುಟ್ಟರೂ ಇಂಥ ಕಣಗಳು ಅಸಂಖ್ಯವಾಗಿ ಹುಟ್ಟುತ್ತವೆ. ದೊಡ್ಡ ಧೂಳು ಮೂಗಿನಲ್ಲಿ, ಗಂಟಲಲ್ಲಿ ತಡೆದು ನಿಂತೀತು; ಇವು ಶ್ವಾಸಕೋಶದ ಆಳಕ್ಕಿಳಿದು, ಕೆಲವು ರಕ್ತವನ್ನೂ ಸೇರುತ್ತವೆ.

ಬೆಲ್ಜಿಯಂ ದೇಶದ ಹ್ಯಾಸೆಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೯ರಲ್ಲಿ ಮಾಸಿನ ಅಂಗಾಂಶವನ್ನು ಪರೀಕ್ಷಿಸಿ, ಕೂಸಿನ ಕಡೆಗಿರುವ ಭಾಗದಲ್ಲಿಯೇ ಮಸಿಯ ಕಣಗಳನ್ನು ಕಂಡರು. ೨೦೨೨ರಲ್ಲಿ ಅವರೂ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದವರೂ ಕೂಡಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಮೊದಲ ಮೂರು ತಿಂಗಳಲ್ಲಿಯೇ ಈ ಕಣಗಳು ಭ್ರೂಣದ ಯಕೃತ್ತು, ಶ್ವಾಸಕೋಶ ಮತ್ತು ಮಿದುಳನ್ನು ಸೇರಬಲ್ಲವು ಎಂದು ಅವರು ತೋರಿಸಿದರು. ಆ ತಾಯಂದಿರಾರೂ ಹೊಗೆಸೊಪ್ಪು ಸೇದುವವರಲ್ಲ. ಊರಿನ ಗಾಳಿಯನ್ನು ಉಸಿರಾಡಿದವರು, ಅಷ್ಟೆ.

ಮರಿಗಳು ಹೇಳಿದ ಕತೆ

ಮಿದುಳನ್ನು ಸೇರಿದ ಕಣ ಅಲ್ಲಿ ಏನು ಮಾಡುತ್ತದೆ? ಇದನ್ನು ಅರಿಯಲು ವಿಜ್ಞಾನಿಗಳು ಮೊದಲು ಮೊರೆಹೊಕ್ಕದ್ದು ಇಲಿಗಳನ್ನು. ಬಿಳಿಯ ಬಣ್ಣಕ್ಕೆ ಬಳಸುವ ಟೈಟೇನಿಯಂ ಡೈಆಕ್ಸೈಡಿನ ನ್ಯಾನೋಕಣಗಳನ್ನು ಗಬ್ಬದ ಇಲಿಗಳಿಗೆ ಚುಚ್ಚಿದಾಗ, ಅವು ಮರಿಗಳ ಮಿದುಳನ್ನು ಮುಟ್ಟಿದ್ದವೆಂದು ಜಪಾನಿನ ಸಂಶೋಧಕರು ೨೦೦೯ರಲ್ಲಿ ವರದಿ ಮಾಡಿದರು. ಮರುವರ್ಷ ಡೆನ್ಮಾರ್ಕಿನಲ್ಲಿ ಅಂಥದೇ ಪುಡಿಯನ್ನು ಗಬ್ಬದ ಇಲಿಗಳು ಉಸಿರಾಡುವಂತೆ ಮಾಡಿದರು. ಅವುಗಳ ಮರಿಗಳು ಬೆಳೆದ ಮೇಲೆ ಬಯಲಿನ ನಡುವಿಗೆ ಬರಲು ಹಿಂಜರಿದವು; ಅಂಚಿನಲ್ಲಿಯೇ ಸುಳಿದಾಡಿದವು. ಕಲಿಕೆ ಮತ್ತು ನೆನಪಿನ ಶಕ್ತಿಗೆ ಮಾತ್ರ ಕುಂದು ಬಂದಿರಲಿಲ್ಲ.

ಇಲಿಯ ಕತೆ ಮನುಷ್ಯನ ಕತೆಯಲ್ಲ, ನಿಜ. ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ೭೮೩ ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು ೨೦೧೮ರಲ್ಲಿ ಪ್ರಕಟವಾಯಿತು. ಗರ್ಭದಲ್ಲಿದ್ದಾಗ ಸೂಕ್ಷ್ಮಧೂಳು ಹೆಚ್ಚಿದ್ದ ಬೀದಿಗಳಲ್ಲಿ ತಾಯಿ ವಾಸಿಸಿದ್ದರೆ, ಆರರಿಂದ ಹತ್ತು ವರ್ಷದ ವಯಸ್ಸಿನಲ್ಲಿ ಮಗುವಿನ ಮಿದುಳಿನ ಹೊರಪದರ ಕೆಲವೆಡೆ ತೆಳುವಾಗಿತ್ತು; ಮನಸ್ಸಿನ ಆವೇಗವನ್ನು ತಡೆಹಿಡಿಯುವ ಶಕ್ತಿಯೂ ತುಸು ಕಡಿಮೆಯಿತ್ತು. ಅಲ್ಲಿನ ಗಾಳಿ ಯೂರೋಪಿನ ಅಂದಿನ ಮಿತಿಯನ್ನು ಬಹುಮಟ್ಟಿಗೆ ಮೀರಿರಲಿಲ್ಲ ಎಂಬುದನ್ನು ಮರೆಯಬಾರದು.

ಇದನ್ನೋದಿ ಯಾವ ತಾಯಿಯೂ ಎದೆಗೆಡಬೇಕಾಗಿಲ್ಲ. ಇವು ಅನೇಕ ಮಕ್ಕಳನ್ನು ಒಟ್ಟಾಗಿ ನೋಡಿದಾಗ ಕಾಣುವ ಸಣ್ಣ ವ್ಯತ್ಯಾಸಗಳು. ಹೊಗೆಯ ಬಳಿ ದುಡಿದವಳ ಮಗು ಮಂದಬುದ್ಧಿಯಾಗುವುದೆಂದು ಇದರ ಅರ್ಥವಲ್ಲ. ಆದರೆ ತಪ್ಪಿಸಬಹುದಾದ ಅಪಾಯವನ್ನು ತಪ್ಪಿಸದಿರುವುದು ಜಾಣತನವೂ ಅಲ್ಲ.

ಯಾರ ಹೊಣೆ?

ಮೂಗಿಗೆ ಸೆರಗು ಮುಚ್ಚಿಕೊಂಡರೆ ಸಾಲದೆ ಎಂದು ಕೇಳುವವರುಂಟು. ಸಾಲದು, ಬಟ್ಟೆಯ ಹೆಣಿಗೆಯ ಸಂದು ಈ ಕಣಗಳಿಗೆ ಹೆಬ್ಬಾಗಿಲು. ಹೊಗೆಯನ್ನು ಹುಟ್ಟುವಲ್ಲಿಯೇ ತಡೆಯಬೇಕು. ಸೌದೆಯನ್ನು ಅನಿಲವಾಗಿಸಿ ಉರಿಸುವ ಒಲೆಗಳನ್ನು ನೂಲು ಬಿಚ್ಚುವ ಉದ್ಯಮಕ್ಕೆಂದೇ ರೂಪಿಸಿದ್ದಾರೆ. ಅದು ಕೈಗೆಟುಕದಿದ್ದರೆ ಎತ್ತರದ ಹೊಗೆಕೊಳವೆ, ಗಾಳಿಯಾಡುವ ಮಾಡು, ಒಲೆಗೂ ಕೆಲಸದ ಜಾಗಕ್ಕೂ ನಡುವೆ ಒಂದು ಗೋಡೆ—ಇಷ್ಟಾದರೂ ಬೇಕು. ಗರ್ಭಿಣಿಗೆ ಕೂಲಿ ತಪ್ಪದಂತೆ ಒಲೆಯಿಂದ ದೂರದ ಕೆಲಸವನ್ನು ಕೊಡಬೇಕು. ಕೂಲಿಯನ್ನೇ ನಂಬಿದವಳಿಗೆ ಮನೆಯಲ್ಲಿ ವಿಶ್ರಮಿಸು ಎಂದು ಬಾಯಿಮಾತಿನಲ್ಲಿ ಹೇಳುವುದು ಉಪದೇಶವಾದೀತೇ ಹೊರತು ಉಪಕಾರವಾಗದು.

ಪಟ್ಟಣದ ಮನೆಗಳೂ ಇದರಿಂದ ಹೊರತಲ್ಲ. ಬಚ್ಚಲ ಹಂಡೆಯ ಒಲೆ, ಮುಚ್ಚಿದ ಕೋಣೆಯ ಸೊಳ್ಳೆಬತ್ತಿ, ಬೀದಿಯ ಕಸದ ಬೆಂಕಿ, ಗಂಡಸರ ಸಿಗರೇಟು—ಇವೆಲ್ಲವೂ ಅದೇ ಕುಲದವು. ಗ್ರಹಣದ ನೆರಳು ಬೀಳದಂತೆ ಬಸುರಿಯನ್ನು ಒಳಗೆ ಕೂರಿಸುವ ನಾವು, ಆಕೆ ಕುಳಿತ ಕೋಣೆಯ ಗಾಳಿಯ ಕಡೆಗೂ ಒಮ್ಮೆ ನೋಡಬೇಡವೆ?

ಸೀಮಂತದ ದಿನ ಮನೆಮಗಳಿಗೆ ಹಸಿರು ರೇಷ್ಮೆಸೀರೆ ಉಡಿಸಿ, ಬಳೆ ತೊಡಿಸಿ, ಆರತಿ ಬೆಳಗುತ್ತೇವೆ. ಆ ಸೀರೆಯ ಎಳೆಯನ್ನು ಬಿಸಿನೀರಿನಿಂದ ಎತ್ತಿದ ಕೈ ಇನ್ನೊಬ್ಬ ಬಸುರಿಯದಾಗಿರಬಹುದು. ಅವಳ ಒಡಲ ಕೂಸಿಗೂ ಶುದ್ಧವಾದ ಗಾಳಿ ದೊರೆತ ದಿನ ನಮ್ಮ ಹರಕೆ ಪೂರ್ಣವಾದೀತು.