ಇದ್ದಂತೆ ಅರಿಯುವ ಆರ್ಜವ

ಭಾದ್ರಪದ ಶುಕ್ಲ ಪಂಚಮಿಯಂದು ಆರಂಭವಾಗುವ ದಶಲಕ್ಷಣ ಪರ್ವದ ಮೂರನೆಯ ದಿನ ಉತ್ತಮ ಆರ್ಜವ ಧರ್ಮಕ್ಕೆ ಮೀಸಲು. ಋಜುತ್ವವೇ ಆರ್ಜವ. ಮನದಲ್ಲಿರುವುದೇ ಮಾತಿನಲ್ಲಿ, ಮಾತಿನಲ್ಲಿರುವುದೇ ಕೃತಿಯಲ್ಲಿ ಇರಬೇಕೆಂಬುದು ಅದರ ಸಾರ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾಯೆಗೆ, ಅಂದರೆ ಕಪಟಕ್ಕೆ, ಆರ್ಜವವು ಪ್ರತಿಪಕ್ಷ. ಪರರನ್ನು ವಂಚಿಸಬಾರದೆಂದು ನಾವು ಇದನ್ನು ಅರ್ಥೈಸುತ್ತೇವೆ. ಆದರೆ ತನ್ನ ನಿಜಸ್ಥಿತಿ ತನಗೇ ತಿಳಿಯದೆ, ಇತರರಂತೆ ಕಾಣಿಸಿಕೊಳ್ಳುವುದರಲ್ಲಿಯೇ ಅರ್ಧ ಆಯುಷ್ಯವನ್ನು ಸವೆಸಿದವರಿಗೆ ಆರ್ಜವವೆಂದರೇನು?

ಸ್ಕಾಟ್ಲೆಂಡಿನ ಗಾಯಕಿ ಸೂಸನ್ ಬಾಯ್ಲ್ ಹುಟ್ಟಿದ್ದು 1961ರಲ್ಲಿ. ಹುಟ್ಟುವಾಗಲೇ ಮೆದುಳಿಗೆ ಹಾನಿಯಾಗಿದೆ ಎಂಬ ಮಾತನ್ನು ಕೇಳುತ್ತಲೇ ಅವರು ಬೆಳೆದರು. ಶಾಲೆಯಲ್ಲಿ ಸಹಪಾಠಿಗಳ ಗೇಲಿಗೆ ಗುರಿಯಾದರು. 2009ರಲ್ಲಿ ದೂರದರ್ಶನ ಸ್ಪರ್ಧೆಯೊಂದರಲ್ಲಿ ಹಾಡಿ ಲೋಕವಿಖ್ಯಾತರಾದ ಮೇಲೂ ಆ ಹಳೆಯ ಮಾತು ಅವರನ್ನು ಬಿಡಲಿಲ್ಲ. ಐವತ್ತು ದಾಟಿದ ಮೇಲೆ, 2012ರಲ್ಲಿ, ಅವರಿಗೆ ಇರುವುದು ಆಟಿಸಂನ ವ್ಯಾಪ್ತಿಗೆ ಸೇರುವ ಆಸ್ಪರ್ಗರ್ ಸಿಂಡ್ರೋಮ್ ಎಂದು ತಜ್ಞರು ಗುರುತಿಸಿದರು. ಮರುವರ್ಷ ಇದನ್ನು ಬಹಿರಂಗಪಡಿಸಿದಾಗ ಅವರು ಹೇಳಿಕೊಂಡದ್ದು ದುಃಖವನ್ನಲ್ಲ, ನಿರಾಳತೆಯನ್ನು.

ಆಟಿಸಂ ರೋಗವಲ್ಲ, ಮೆದುಳು ಬೆಳೆಯುವ ಬಗೆಯಲ್ಲಿಯೇ ಇರುವ ಭಿನ್ನತೆ. ಕೆಲವರಿಗೆ ಗದ್ದಲ, ಬೆಳಕು, ಸ್ಪರ್ಶ ಸಹಿಸಲಾಗದು. ಕೆಲವರಿಗೆ ಮಾತಿನ ಹಿಂದಿನ ಸೂಚನೆ ತಿಳಿಯದು, ದಿನಚರಿ ಬದಲಾದರೆ ಮನಸ್ಸು ಕಲಕಿಹೋಗುತ್ತದೆ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುವರು. ಆ ಪದವನ್ನು ಕೇಳಿ ಇದು ಯೋಗಿಯ ಆತ್ಮಲೀನತೆಯೆಂದಾಗಲಿ, ಸ್ವಾರ್ಥವೆಂದಾಗಲಿ ಭಾವಿಸಬಾರದು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇದನ್ನು ಮಕ್ಕಳಲ್ಲಿ ಗುರುತಿಸಿ ವಿವರಿಸಿದ ಬಳಿಕ, ಬಹುಕಾಲ ಇದು ಮಕ್ಕಳ ವಿಷಯವೆಂದೇ ಉಳಿಯಿತು. ಹೀಗಾಗಿ ಅನೇಕರು, ವಿಶೇಷವಾಗಿ ಹೆಣ್ಣುಮಕ್ಕಳು, ಗುರುತಿಗೆ ಬಾರದೆಯೇ ಬೆಳೆದು ದೊಡ್ಡವರಾದರು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದಕ್ಕೆ ಸ್ಥಾನ ದೊರೆತಿದೆ.

ನಡುವಯಸ್ಸಿನಲ್ಲಿ ಈ ಸತ್ಯ ತಿಳಿದವರಿಗೆ ಸಮಾಧಾನದೊಂದಿಗೆ ಸಂಕಟವೂ ಬರುತ್ತದೆ. ಮೊದಲೇ ತಿಳಿದಿದ್ದರೆ ಅಷ್ಟು ಬೈಗುಳ ತಿನ್ನಬೇಕಿರಲಿಲ್ಲ, ಅಷ್ಟು ಸ್ನೇಹಗಳು ಮುರಿಯುತ್ತಿರಲಿಲ್ಲ ಎಂಬ ಕೊರಗು. ಎಲ್ಲರೂ ನಕ್ಕಾಗ ನಕ್ಕು, ಕಣ್ಣಿಗೆ ಕಣ್ಣು ಕೂಡಿಸಲು ಹೆಣಗಿ, ಮನೆಗೆ ಬಂದು ಕುಸಿದು ಕುಳಿತ ದಿನಗಳೆಲ್ಲ ಸುಳ್ಳಾಗಿದ್ದವೇ ಎಂಬ ಶಂಕೆ. ಇದು ಮಾಯಾಕಷಾಯವೇ? ಅಲ್ಲ. ಪರರನ್ನು ವಂಚಿಸುವ ಬಯಕೆ ಮಾಯೆಯ ಲಕ್ಷಣ. ಇವರದಾದರೋ ನೋವಿನ ಅಂಜಿಕೆಯಿಂದ ತೊಟ್ಟ ಕವಚ. ತಾನು ಇರುವುದು ಹೀಗೆ ಎಂದು ಅರಿತು ಆ ಕವಚವನ್ನು ಮೆಲ್ಲನೆ ಸಡಿಲಿಸುವುದೇ ಅವರ ಪಾಲಿನ ಆರ್ಜವ. ಇದ್ದುದನ್ನು ಇದ್ದಂತೆ ಕಾಣುವ ದೃಷ್ಟಿಯಿಂದಲೇ ಅಲ್ಲವೇ ರತ್ನತ್ರಯದ ದಾರಿಯೂ ತೆರೆಯುವುದು?

ಇಲ್ಲಿ ಒಂದು ಎಚ್ಚರ ಬೇಕು. ‘ಎಲ್ಲ ಪೂರ್ವಕರ್ಮ’ ಎಂದು ನಿಟ್ಟುಸಿರಿಡುವ ಬಂಧುಗಳಿದ್ದಾರೆ. ಜೈನಧರ್ಮವು ಮೇಲೆ ಕುಳಿತು ದಂಡಿಸುವ ದೇವರನ್ನು ಒಪ್ಪುವುದಿಲ್ಲ. ಕರ್ಮಸಿದ್ಧಾಂತವಿರುವುದು ತನ್ನ ಭಾವಗಳನ್ನು ತಾನು ಕಾಯಲು, ಇನ್ನೊಬ್ಬರ ಗತಜನ್ಮವನ್ನು ತೂಗಲು ಅಲ್ಲ. ಹಾಗೆ ತೂಗುವವನಲ್ಲಿ ಮಾನಕಷಾಯವೇ ಬೆಳೆಯುತ್ತದೆ. ವೈದ್ಯರು ಹೇಳುವುದು ದೇಹ ಮತ್ತು ಮೆದುಳಿನ ರೀತಿಯನ್ನು ಮಾತ್ರ. ಅರಿಯುವುದೇ ಲಕ್ಷಣವಾಗಿರುವ ಜೀವಕ್ಕೆ ಅದರಿಂದ ಹಿರಿಮೆಯೂ ಇಲ್ಲ, ಕಿರಿಮೆಯೂ ಇಲ್ಲ.

ಅನೇಕಾಂತವನ್ನು ಬಾಯಲ್ಲಿ ನುಡಿಯುವ ನಾವು ಮನೆಯಲ್ಲಿ ಅದನ್ನು ಆಚರಿಸಿದ್ದೇವೆಯೇ? ಬಸದಿಯಲ್ಲಿ ಜಾಗಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಹೊರನಡೆದವನನ್ನು ‘ಭಕ್ತಿಯಿಲ್ಲದವನು’ ಎಂದೆವು. ಮದುವೆಯ ಊಟದಲ್ಲಿ ಯಾರೊಡನೆಯೂ ಬೆರೆಯದ ಅತ್ತಿಗೆಯನ್ನು ‘ಜಂಬದವಳು’ ಎಂದೆವು. ಒಂದೇ ಮುಖವನ್ನು ಕಂಡು ಪೂರ್ಣಸತ್ಯವೆಂದು ಸಾರಿದ ಏಕಾಂತವಿದು. ನುಡಿಯ ಹಿಂಸೆಯೂ ಹೌದು. ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂಬ ತತ್ತ್ವಾರ್ಥ ಸೂತ್ರದ ಬೋಧನೆಯನ್ನು ಸಣ್ಣ ಕಾರ್ಯಗಳಲ್ಲಿ ನಡೆಸಬಹುದು. ಅಭಿಷೇಕದ ಜನಸಂದಣಿ ಕರಗಿದ ಮೇಲೆ ಅವರು ದರ್ಶನಕ್ಕೆ ಬರಲಿ. ಸಾಮಾಯಿಕದ 48 ನಿಮಿಷಗಳಿಗೆ ಶಾಂತವಾದ ಒಂದು ಮೂಲೆ ಸಿಗಲಿ. ಹೇಳಬೇಕಾದುದನ್ನು ಸುತ್ತಿಬಳಸದೆ ಹೇಳೋಣ.

ಪರ್ವದ ಕೊನೆಯಲ್ಲಿ ಕ್ಷಮಾವಾಣಿಯಂದು ಎಲ್ಲರಲ್ಲಿಯೂ ಕ್ಷಮೆ ಬೇಡುತ್ತೇವೆ. ಅಂದು ಮನೆಯ ಹಿರಿಯರು ‘ನಿನ್ನನ್ನು ತಪ್ಪಾಗಿ ತಿಳಿದೆವು ಮಗೂ’ ಎಂದರೆ ಹಲವು ವರ್ಷಗಳ ಗಾಯಕ್ಕೆ ಮದ್ದಾದೀತು. ತಡವಾಗಿ ತನ್ನನ್ನು ಅರಿತವರಿಗೂ ಅಂದು ಒಂದು ಕರ್ತವ್ಯವಿದೆ. ಎಲ್ಲ ಜೀವಗಳನ್ನೂ ಕ್ಷಮಿಸುತ್ತೇನೆ ಎನ್ನುವಾಗ, ಇಷ್ಟು ಕಾಲ ತಾವೇ ಜರೆದುಕೊಂಡು ಬಂದ ಆ ಒಂದು ಜೀವವನ್ನು ಮರೆಯದಿರಲಿ.