ಅರೆಪಾರದರ್ಶಕ ದೃಶ್ಯಗಳ ಮೇಲ್ಜೋಡಣೆ: ತೊಗಲುಗೊಂಬೆಯಾಟದ ದಾಖಲಾತಿಯ ನೆಲೆಯಲ್ಲಿ

ಒಂದೇ ಪ್ರಸಂಗದ ಬೇರೆ ಬೇರೆ ಪ್ರದರ್ಶನಗಳನ್ನು ಹೋಲಿಸಲು, ಅವುಗಳ ವಿಡಿಯೊ ತುಣುಕುಗಳನ್ನು ಸಂಕಲನ ತಂತ್ರಾಂಶದಲ್ಲಿ ಒಂದರ ಮೇಲೊಂದಿರಿಸಿ ಮೇಲಿನದರ ಒಪಾಸಿಟಿಯನ್ನು, ಅಂದರೆ ಅಪಾರದರ್ಶಕತೆಯನ್ನು, ತಗ್ಗಿಸುವ ಕ್ರಮವು ಜಾನಪದ ಅಧ್ಯಯನಕ್ಕೆ ಉಪಯುಕ್ತವಾದುದು. ಮೇಲಿನ ತುಣುಕಿಗೆ ಶೇ. 40 ಎಂದು ನಿಗದಿಪಡಿಸಿದರೆ ಪ್ರತಿ ಚಿತ್ರಬಿಂದುವಿನಲ್ಲಿ ಅದರ 40 ಪಾಲು, ಕೆಳಗಿನದರ 60 ಪಾಲು ಬೆರೆಯುತ್ತವೆ. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಮಂಡಿಸಿದ ಚಿತ್ರಸಂಯೋಜನೆಯ ಗಣಿತದಲ್ಲಿ ಈ ಲೆಕ್ಕಾಚಾರವಿದೆ.

ಮೂರು ತುಣುಕುಗಳಿದ್ದಾಗ ತೊಡಕು ಹೆಚ್ಚು. ಮೇಲಿನ ಎರಡಕ್ಕೂ ಶೇ. 50 ಎಂದಿರಿಸಿದಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ ಅರ್ಧ, ಉಳಿದೆರಡಕ್ಕೆ ಕಾಲು ಕಾಲು ಪಾಲು ದಕ್ಕುತ್ತದೆ. ಮೂರು ಮೇಳಗಳನ್ನೂ ಸಮನಾಗಿ ಕಂಡೆವೆಂದು ಭಾವಿಸಿದ ಸಂಶೋಧಕರು ವಾಸ್ತವವಾಗಿ ಒಂದನ್ನೇ ಹೆಚ್ಚಾಗಿ ನೋಡಿರುತ್ತಾರೆ. ಸಮಪಾಲಿಗೆ ಕೆಳಗಿನಿಂದ ಮೇಲಕ್ಕೆ 100, 50, 33 ಎಂದಿರಬೇಕು.

ತೊಗಲುಗೊಂಬೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಹದಮಾಡಿದ ತೊಗಲು ಬೆಳಕನ್ನು ಸೋಸಿ ಬಿಡುತ್ತದೆ. ಅರ್ಧ ಬೆಳಕು ಬಿಡುವ ಎರಡು ಗೊಂಬೆಗಳು ಪರದೆಯ ಮೇಲೆ ಒಂದನ್ನೊಂದು ಹಾಯ್ದಾಗ ಅಲ್ಲಿ ಉಳಿಯುವುದು ಕಾಲು ಬೆಳಕು ಮಾತ್ರ. ತಂತ್ರಾಂಶದ ಸಾಮಾನ್ಯ ಕ್ರಮ ಹೀಗೆ ಗುಣಿಸುವುದಿಲ್ಲ, ಸರಾಸರಿ ತೆಗೆಯುತ್ತದೆ. ಗುಣಿಸಲು 'ಮಲ್ಟಿಪ್ಲೈ' ಎಂಬ ಬೇರೆಯ ಮಿಶ್ರಣಕ್ರಮವೇ ಬೇಕು. ಸರಾಸರಿಯಲ್ಲಾದರೋ, ಒಂದು ತುಣುಕಿನ ಗೊಂಬೆಯ ಮೇಲೆ ಇನ್ನೊಂದರ ಬರಿಯ ಪರದೆ ಬಿದ್ದೆಡೆ ಕೆಂಪು ಹಸಿರುಗಳು ಬಿಳಿಚಿಕೊಳ್ಳುತ್ತವೆ. ಅಂತಹ ಚಿತ್ರವನ್ನು ನೋಡಿ ಬಣ್ಣಗಾರಿಕೆಯ ಬಗೆಗೆ ತೀರ್ಮಾನಿಸುವುದು ಸಲ್ಲದು.

ಚಲನೆಯ ಹೋಲಿಕೆಗೂ ಮಿತಿಯಿದೆ. ಸೆಕೆಂಡಿಗೆ 25 ಚೌಕಟ್ಟುಗಳ ಚಿತ್ರೀಕರಣದಲ್ಲಿ ಒಂದು ಚೌಕಟ್ಟಿನ ಅವಧಿ 40 ಮಿಲಿಸೆಕೆಂಡು. ಅದಕ್ಕಿಂತ ಕಿರಿದಾದ ಲಯವ್ಯತ್ಯಾಸವನ್ನು ಇಲ್ಲಿ ಅರಸಲಾಗದು. ಬೆರೆತ ಪ್ರತಿಯೊಂದನ್ನೇ ಉಳಿಸಿಕೊಂಡರೆ ಮೂಲಗಳನ್ನು ಅದರಿಂದ ಮತ್ತೆ ಬೇರ್ಪಡಿಸುವುದು ಸಾಧ್ಯವಿಲ್ಲ. ಆದಕಾರಣ ಮೂಲ ತುಣುಕುಗಳನ್ನು ಪ್ರತ್ಯೇಕವಾಗಿ ಕಾಯ್ದಿರಿಸಿ, ಬಳಸಿದ ಪ್ರಮಾಣ ಹಾಗೂ ಮಿಶ್ರಣಕ್ರಮವನ್ನು ದಾಖಲೆಯಲ್ಲಿ ನಮೂದಿಸತಕ್ಕದ್ದು.