ರಾಕೆಟ್ ಹಾರಿಸಿದರೆ ಸಾಲದು, ಹುಡುಕಿ ತರಬೇಕು

ರಾಕೆಟ್ ಎಂದ ಕೂಡಲೇ ನಮಗೆ ಶ್ರೀಹರಿಕೋಟಾ ನೆನಪಾಗುತ್ತದೆ, ಇಲ್ಲದಿದ್ದರೆ ದೀಪಾವಳಿ. ಎಷ್ಟು ಎತ್ತರ ಹೋಯ್ತು ಅಂತ ಎಲ್ಲರೂ ಕೇಳುತ್ತಾರೆ. ಎಲ್ಲಿ ಬಿತ್ತು ಅಂತ ಕೇಳುವವರು ಕಡಿಮೆ. ಆದರೆ ನಮ್ಮ ನಾಡಿನ ಹಳೆಯ ರಾಕೆಟ್ಟುಗಳ ಬಗ್ಗೆ ಇವತ್ತು ಗೊತ್ತಿರುವ ಎಷ್ಟೋ ಸಂಗತಿಗಳು ಯಾರೋ ಹುಡುಕಿ ತಂದು ಇಟ್ಟ ರಾಕೆಟ್ಟುಗಳಿಂದಲೇ ಗೊತ್ತಾದದ್ದು. ತೆಳ್ಳನೆಯ ಉದ್ದ ರಾಕೆಟ್ ಯಾಕೆ ಎತ್ತರ ಹೋಗುತ್ತದೆ, ಪಟಾಕಿ ಮದ್ದು ಇಲ್ಲದೆ ಅದನ್ನು ಹೇಗೆ ಮಾಡಬಹುದು, ಬಿದ್ದ ಮೇಲೆ ಹೇಗೆ ಹುಡುಕಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ತಾರಾಮಂಡಲಪೇಟೆ

ನನ್ನ ಸೋದರಮಾವನ ಮನೆ ಬೆಂಗಳೂರಿನ ನಗರ್ತಪೇಟೆಯಲ್ಲಿದೆ. ಆ ಹಳೇ ಊರಿನಲ್ಲಿ ಒಂದೊಂದು ಪೇಟೆಗೂ ಅಲ್ಲಿನ ಕಸುಬಿನವರ ಅಥವಾ ಸರಕಿನ ಹೆಸರು. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತ ವರ್ತಕರ ನಗರ್ತಪೇಟೆ. ಅಲ್ಲಿಗೆ ಸಮೀಪದಲ್ಲೇ ತಾರಾಮಂಡಲಪೇಟೆ ಅಂತ ಒಂದು ಇದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಅಲ್ಲಿ ರಾಕೆಟ್ ಮಾಡುತ್ತಿದ್ದರು, ಅದಕ್ಕೇ ಆ ಹೆಸರು ಬಂತು ಎಂದು ಹೇಳುತ್ತಾರೆ.

ಅದಕ್ಕೆ ಮುಂಚೆಯೂ ಬೇರೆ ದೇಶಗಳಲ್ಲಿ ರಾಕೆಟ್ ಇತ್ತು. ಆದರೆ ಅವುಗಳ ಕೊಳವೆ ಕಾಗದದ್ದೋ ಬಿದಿರಿನದ್ದೋ ಆಗಿರುತ್ತಿತ್ತು. ಒಳಗೆ ಒತ್ತಡ ಹೆಚ್ಚಾದರೆ ಒಡೆದು ಹೋಗುತ್ತಿತ್ತು. ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಆದ್ದರಿಂದ ರಾಕೆಟ್ ಸುಮಾರು 2 ಕಿಲೋಮೀಟರ್ ದೂರ ಹೋಗುತ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಇವನ್ನು ಇಂಗ್ಲಿಷರ ಮೇಲೆ ಬಿಟ್ಟರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅಲ್ಲಿ ಸಿಕ್ಕಿದ ರಾಕೆಟ್ಟುಗಳಲ್ಲಿ ಕೆಲವನ್ನು ಇಂಗ್ಲಿಷರು ತಮ್ಮ ದೇಶಕ್ಕೆ ತೆಗೆದುಕೊಂಡು ಹೋದರು. ಅವುಗಳನ್ನು ನೋಡಿದ ಮೇಲೆ ವಿಲಿಯಂ ಕಾಂಗ್ರೀವ್ ಎಂಬಾತ ವೂಲ್ವಿಚ್ ಎಂಬಲ್ಲಿ ಪ್ರಯೋಗ ಮಾಡಿ ತನ್ನದೇ ರಾಕೆಟ್ ಮಾಡಿದ. ನೋಡಿ, ನಮ್ಮ ರಾಕೆಟ್ ಸಿಕ್ಕಿದ್ದು ಅವರಿಗೆ, ಪಾಠ ಕಲಿತಿದ್ದೂ ಅವರು!

1985ರಲ್ಲಿ ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಈ ವಿಷಯದ ಮೇಲೆ ಒಂದು ಪ್ರಬಂಧ ಬರೆದರು. ವೂಲ್ವಿಚ್ ವಸ್ತುಸಂಗ್ರಹಾಲಯದಲ್ಲಿದ್ದ ಎರಡು ಮೈಸೂರು ರಾಕೆಟ್ಟುಗಳ ಅಳತೆ ಅದರಲ್ಲಿದೆ. ಒಂದರ ಕೊಳವೆ 58 ಮಿಲಿಮೀಟರ್ ದಪ್ಪ, 254 ಮಿ.ಮೀ. ಉದ್ದ. ಅದನ್ನು ಸುಮಾರು 1 ಮೀಟರ್ ಉದ್ದದ ಕತ್ತಿಗೆ ಚರ್ಮದ ಪಟ್ಟಿಯಿಂದ ಕಟ್ಟಿದ್ದಾರೆ. ಇನ್ನೊಂದು 37 ಮಿ.ಮೀ. ದಪ್ಪ, 198 ಮಿ.ಮೀ. ಉದ್ದ. ಅದಕ್ಕೆ ಕಟ್ಟಿದ ಬಿದಿರು 1.9 ಮೀಟರ್. ಅಂದರೆ ಬಾಲ ಕೊಳವೆಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ಉದ್ದ! ಯಾಕೆ ಗೊತ್ತೆ?

ಬಾಲ ಯಾಕೆ ಬೇಕು, ತೆಳ್ಳಗೆ ಯಾಕಿರಬೇಕು?

ಬಾಣಕ್ಕೆ ಹಿಂದೆ ಗರಿ ಕಟ್ಟುತ್ತಾರಲ್ಲ, ಅದೇ ಕಾರಣ. ಹಾರುವ ವಸ್ತು ಸ್ವಲ್ಪ ಓರೆಯಾದರೆ ಗಾಳಿ ಅದರ ಬಾಲವನ್ನು ತಳ್ಳಿ ಮತ್ತೆ ನೆಟ್ಟಗೆ ಮಾಡಬೇಕು. ಹೀಗಾಗಬೇಕಾದರೆ ತೂಕದ ಕೇಂದ್ರ ಮುಂದೆ ಇರಬೇಕು, ಗಾಳಿಯ ಒತ್ತಡ ಬೀಳುವ ಕೇಂದ್ರ ಹಿಂದೆ ಇರಬೇಕು. ಇವೆರಡರ ನಡುವೆ ಕಡೇಪಕ್ಷ ರಾಕೆಟ್ಟಿನ ಒಂದು ದಪ್ಪದಷ್ಟು ಅಂತರ ಇದ್ದರೆ ಒಳ್ಳೆಯದು. ಉದ್ದ ಬಿದಿರು ಈ ಕೆಲಸ ಮಾಡುತ್ತಿತ್ತು. ಈಗ ಅದೇ ಕೆಲಸವನ್ನು ಹಿಂಭಾಗದ ರೆಕ್ಕೆಗಳು ಮಾಡುತ್ತವೆ.

ಇನ್ನು ತೆಳ್ಳಗಿರುವುದು ಯಾಕೆ? ರಾಕೆಟ್ ಮೇಲೇರುವಾಗ ಎದುರಿನ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ದಪ್ಪ ಎರಡು ಪಟ್ಟಾದರೆ ಗಾಳಿಗೆ ಎದುರಾಗುವ ಜಾಗ ನಾಲ್ಕು ಪಟ್ಟಾಗುತ್ತದೆ. (ವೃತ್ತದ ವಿಸ್ತೀರ್ಣದ ಸೂತ್ರ ನೆನಪು ಮಾಡಿಕೊಳ್ಳಿ.) ವೇಗ ಎರಡು ಪಟ್ಟಾದರೂ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಕೇರಳದ ತುಂಬಾದಿಂದ ಹಾರಿಸುವ ನಮ್ಮ ರೋಹಿಣಿ ಆರ್.ಎಚ್.-200 ರಾಕೆಟ್ 200 ಮಿ.ಮೀ. ದಪ್ಪ, ಸುಮಾರು ಮೂರೂವರೆ ಮೀಟರ್ ಉದ್ದ. ಅಷ್ಟು ತೆಳ್ಳಗಿರುವ ರಾಕೆಟ್ 70 ಕಿಲೋಮೀಟರಿಗಿಂತ ಮೇಲೆ ಹೋಗಿ ಅಲ್ಲಿನ ಗಾಳಿಯ ವಿಷಯ ತಿಳಿಸುತ್ತದೆ.

ಆದರೆ ತೆಳ್ಳಗಿದ್ದರೆ ಎರಡು ತೊಂದರೆ. ಒಂದು, ಮೇಲೆ ಹೋದ ಮೇಲೆ ಕಣ್ಣಿಗೆ ಕಾಣಿಸುವುದಿಲ್ಲ. ಎರಡು, ಒಳಗೆ ಪ್ಯಾರಾಚೂಟ್ ಇಡಲು ಜಾಗ ಸಾಲದು. ಆದ್ದರಿಂದ ಎತ್ತರ ಹೋಗುವ ರಾಕೆಟ್ ಮಾಡುವವರು ಹುಡುಕುವ ದಾರಿಯನ್ನು ಮೊದಲೇ ಯೋಚಿಸಬೇಕು.

ನೀರಿನ ರಾಕೆಟ್ ಮಾಡುವ ವಿಧಾನ

ಬೇಕಾಗುವ ಸಾಮಾನು: ಅರ್ಧ ಲೀಟರಿನ ಕೂಲ್‌ಡ್ರಿಂಕ್ಸ್ ಪ್ಲಾಸ್ಟಿಕ್ ಬಾಟಲಿ, ಡ್ರಾಯಿಂಗ್ ಹಾಳೆ, ತೆಳು ರಟ್ಟು, ಟೇಪು, ದಾರ, ಜೇಡಿಮಣ್ಣು, ಬಣ್ಣದ ಪ್ಲಾಸ್ಟಿಕ್ ಹಾಳೆ, ಬಾಟಲಿ ಬಾಯಿಗೆ ಬಿಗಿಯಾಗುವ ರಬ್ಬರ್ ಬಿರಡೆ, ಫುಟ್‌ಬಾಲಿಗೆ ಗಾಳಿ ಹೊಡೆಯುವ ಸೂಜಿ, ಸೈಕಲ್ ಪಂಪು.

1. ಬಾಟಲಿಯನ್ನು ತಲೆಕೆಳಗು ಮಾಡಿ. ಈಗ ಬಾಯಿಯೇ ರಾಕೆಟ್ಟಿನ ಹಿಂಭಾಗ. ಬಾಟಲಿಯ ತಳದ ಮೇಲೆ, ಬಾಟಲಿಯಷ್ಟೇ ದಪ್ಪಕ್ಕೆ ಡ್ರಾಯಿಂಗ್ ಹಾಳೆ ಸುತ್ತಿ ಸುಮಾರು 30 ಸೆಂ.ಮೀ. ಉದ್ದದ ಕೊಳವೆ ಮಾಡಿ ಟೇಪು ಹಾಕಿ. ಬಾಟಲಿಗೆ ತೂತು ಮಾಡಬೇಡಿ, ಬಿಸಿ ಮಾಡಿ ಅಂಟಿಸಬೇಡಿ.

2. ಬಾಯಿಯ ಹತ್ತಿರ ಸಮ ಅಂತರದಲ್ಲಿ ರಟ್ಟಿನ ಮೂರು ರೆಕ್ಕೆ ಅಂಟಿಸಿ. ಕೊಳವೆಯ ಮೇಲ್ತುದಿಯ ಒಳಗೋಡೆಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ.

3. 5 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ಕೆಂಪು ಪಟ್ಟಿ ಕತ್ತರಿಸಿ. ಅದರ ತುದಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕೊಳವೆಗೆ ಗಟ್ಟಿಯಾಗಿ ಅಂಟಿಸಿ. ಪಟ್ಟಿಯನ್ನು ಮಡಿಚಿ ಕೊಳವೆಯೊಳಗೆ ಇಡಿ.

4. ಮೇಲೆ ಕಾಗದದ ಚೂಪು ಟೋಪಿ ಹಾಕಿ, ಅದನ್ನೂ ದಾರದಿಂದ ಕೊಳವೆಗೆ ಕಟ್ಟಿ. ಟೋಪಿ ತೀರ ಬಿಗಿಯಾದರೆ ಬಿಚ್ಚುವುದಿಲ್ಲ, ತೀರ ಸಡಿಲವಾದರೆ ಏರುವಾಗಲೇ ಕಳಚುತ್ತದೆ. ರಾಕೆಟ್ಟನ್ನು ತಲೆಕೆಳಗು ಹಿಡಿದು ಮೆಲ್ಲಗೆ ಅಲುಗಿಸಿದರೆ ಜಾರಬೇಕು, ಸುಮ್ಮನೆ ಹಿಡಿದರೆ ಜಾರಬಾರದು. ಅದೇ ಹದ.

5. ಪರೀಕ್ಷೆ: ರಾಕೆಟ್ ಸಮತೂಕದಲ್ಲಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ ತಲೆಯ ಸುತ್ತ ತಿರುಗಿಸಿ. ಮೂತಿ ಮುಂದೆ ಮಾಡಿಕೊಂಡು ತಿರುಗಿದರೆ ಸರಿ. ಅಡ್ಡಡ್ಡ ತಿರುಗಿದರೆ ಮೂತಿಗೆ ಇನ್ನಷ್ಟು ಮಣ್ಣು ಹಾಕಿ, ಇಲ್ಲವೇ ರೆಕ್ಕೆ ದೊಡ್ಡದು ಮಾಡಿ.

ಬಾಟಲಿಗೆ ಮೂರನೇ ಒಂದು ಪಾಲು ನೀರು ಹಾಕಿ, ಸೂಜಿ ಚುಚ್ಚಿದ ಬಿರಡೆಯನ್ನು ಬಿಗಿಯಾಗಿ ಹಾಕಿ, ಮೂರು ಕೋಲಿನ ಆಸರೆಯಲ್ಲಿ ನಿಲ್ಲಿಸಿ ಪಂಪು ಹೊಡೆಯಿರಿ. ಒತ್ತಡ ಹೆಚ್ಚಾದಾಗ ಬಿರಡೆ ತಾನೇ ಕಿತ್ತುಕೊಳ್ಳುತ್ತದೆ. ನೀರು ರಭಸದಿಂದ ಕೆಳಗೆ ಹೋಗುತ್ತದೆ, ಬಾಟಲಿ ಮೇಲೆ ಹೋಗುತ್ತದೆ. ನ್ಯೂಟನ್ನನ ಮೂರನೇ ನಿಯಮ ಅಂದರೆ ಇದೇ.

ಎಚ್ಚರಿಕೆ: ಮೇಷ್ಟ್ರು ಅಥವಾ ಮನೆಯ ದೊಡ್ಡವರು ಜೊತೆಗಿರಲೇಬೇಕು. ಪಂಪಿಗೆ ಉದ್ದ ಪೈಪು ಹಾಕಿ ದೂರ ನಿಲ್ಲಿ. ಬಿರಡೆ ಬಿಚ್ಚದಿದ್ದರೆ ಬಗ್ಗಿ ನೋಡಬೇಡಿ, ಪೈಪು ಕಳಚಿ ಗಾಳಿ ಬಿಡಿ. ತೆಳು ನೀರಿನ ಬಾಟಲಿ, ಗಾಜಿನ ಬಾಟಲಿ ಬೇಡವೇ ಬೇಡ. ಪಟಾಕಿ ಮದ್ದು ಮುಟ್ಟಬೇಡಿ. ನಗರ್ತಪೇಟೆಯಂಥ ಇಕ್ಕಟ್ಟಿನ ಬೀದಿಯಲ್ಲಿ ಇದನ್ನು ಬಿಡಲು ಆಗುವುದಿಲ್ಲ, ತಲೆ ಮೇಲೆಲ್ಲಾ ಕರೆಂಟಿನ ತಂತಿ. ನಮ್ಮೂರಿನ ಕೊಯ್ಲಾದ ಹೊಲ ಇದಕ್ಕೆ ಸರಿಯಾದ ಜಾಗ.

ಹುಡುಕುವುದು ಹೇಗೆ?

ರೆಕ್ಕೆ ಇರುವ ರಾಕೆಟ್ ಏರುವಾಗ ಗಾಳಿ ಬರುವ ಕಡೆಗೆ ಮೂತಿ ತಿರುಗಿಸುತ್ತದೆ. ಪಟ್ಟಿ ಬಿಚ್ಚಿದ ಮೇಲೆ ಗಾಳಿ ಹೋಗುವ ಕಡೆಗೆ ತೇಲಿಕೊಂಡು ಬರುತ್ತದೆ. ಆದ್ದರಿಂದ ಮೊದಲು ಒಂದು ಹಿಡಿ ಧೂಳು ತೂರಿ ಗಾಳಿ ನೋಡಿ. ಪ್ಯಾರಾಚೂಟ್ ಆದರೆ ಬಹಳ ದೂರ ತೇಲುತ್ತದೆ. ಪಟ್ಟಿ ಬೇಗ ಇಳಿಸುತ್ತದೆ, ಬಣ್ಣವೂ ಕಾಣುತ್ತದೆ.

ಒಬ್ಬನೇ ನೋಡಿದರೆ ದಿಕ್ಕು ಗೊತ್ತಾಗುತ್ತೆ, ದೂರ ಗೊತ್ತಾಗಲ್ಲ. ಇಬ್ಬರು ಬೇರೆ ಬೇರೆ ಕಡೆ ನಿಲ್ಲಬೇಕು. ರಾಕೆಟ್ ಬಿದ್ದ ಕೂಡಲೇ ಇಬ್ಬರೂ ಅದರ ನೇರಕ್ಕೆ ಹಿಂದೆ ಕಾಣುವ ಒಂದು ಮರವನ್ನೋ ಕಂಬವನ್ನೋ ಗುರುತು ಇಟ್ಟುಕೊಂಡು, ಅದರ ಕಡೆಗೇ ನೇರವಾಗಿ ನಡೆಯಬೇಕು. ಇಬ್ಬರ ದಾರಿ ಎಲ್ಲಿ ಕೂಡುತ್ತದೋ ರಾಕೆಟ್ ಅಲ್ಲೇ ಸುತ್ತಮುತ್ತ ಇರುತ್ತದೆ. ಬೆಳೆ ಇದ್ದರೆ ಹೊಲದವರನ್ನು ಕೇಳಿ ಇಳಿಯಿರಿ. ತಂತಿಗೆ ಸಿಕ್ಕಿದರೆ ಅದನ್ನು ಬಿಟ್ಟುಬಿಡಿ, ಕೋಲು ಹಾಕಬೇಡಿ.

ಸಿಕ್ಕಿದ ಮೇಲೆ ನೋಡಿ: ರೆಕ್ಕೆ ಬಾಗಿದೆಯೇ? ಪಟ್ಟಿ ಬಿಚ್ಚಿದೆಯೇ? ಟೋಪಿ ಒದ್ದೆಯಾಗಿ ಅಂಟಿದೆಯೇ? ಮುಂದಿನ ರಾಕೆಟ್ ಹೇಗಿರಬೇಕು ಅಂತ ಇವೇ ಹೇಳುತ್ತವೆ. ಇಸ್ರೋದವರೂ ಇದನ್ನೇ ಮಾಡುತ್ತಿದ್ದಾರೆ. ಮತ್ತೆ ಮತ್ತೆ ಬಳಸುವ ವಾಹನಕ್ಕಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ 2023ರ ಏಪ್ರಿಲ್ 2ರಂದು ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತಾನೇ ರನ್‌ವೇಗೆ ಬಂದು ಇಳಿಯಿತು. 2024ರಲ್ಲಿ ಇನ್ನೂ ಎರಡು ಸಲ ಇಳಿಸಿದರು.

ಬಾವಿಯಲ್ಲಿ ಸಿಕ್ಕಿದ ರಾಕೆಟ್ಟುಗಳು

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2002ರಲ್ಲಿ ಒಂದು ಹಾಳುಬಾವಿಯಿಂದ 160ಕ್ಕೂ ಹೆಚ್ಚು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದವು. ಅವು ಮೈಸೂರು ರಾಕೆಟ್ ಅಂತ ಗೊತ್ತಾಗಲು ವರ್ಷಗಳೇ ಬೇಕಾದವು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅಗೆಸಿದಾಗ ಮಣ್ಣಿಗೆ ಮದ್ದಿನ ವಾಸನೆ ಇತ್ತಂತೆ. ಒಳಗೆ 1000ಕ್ಕೂ ಹೆಚ್ಚು ರಾಕೆಟ್ ಇದ್ದವು. ಇನ್ನೂರು ವರ್ಷದ ಮೇಲೆ ಸಿಕ್ಕರೂ ಅವುಗಳ ಉದ್ದ, ದಪ್ಪ, ಒಳಗಿದ್ದ ಮದ್ದು ಎಲ್ಲ ಅಳೆಯಲು ಸಾಧ್ಯವಾಯಿತು.

ಆದರೆ ಆ ಕಬ್ಬಿಣ ಬಡಿದ ಕಮ್ಮಾರ ಯಾರು, ಬಿದಿರು ಆರಿಸಿ ಚರ್ಮದ ಪಟ್ಟಿ ಬಿಗಿದವನು ಯಾರು? ಅವರ ಹೆಸರು ಕೊಳವೆಯ ಮೇಲೆ ಇಲ್ಲ. ಆದ್ದರಿಂದ ಗೆಳೆಯರೇ, ನೀವು ರಾಕೆಟ್ ಮಾಡಿದರೆ ಅದರ ಮೇಲೆ ನಿಮ್ಮ ಹೆಸರು, ಶಾಲೆಯ ಹೆಸರು ಬರೆಯಿರಿ. ಉದ್ದ, ದಪ್ಪ, ತೂಕ, ಹಾಕಿದ ನೀರು, ಗಾಳಿಯ ದಿಕ್ಕು, ಬಿದ್ದ ಜಾಗ ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮ ಆಮೇಲೆ ಈ ಶಾಲೆಗೆ ಬರುವವರು ಅಲ್ಲಿಂದ ಮುಂದಕ್ಕೆ ಶುರು ಮಾಡಬಹುದು.

ನಿಮಗೊಂದು ಲೆಕ್ಕ: ರಾಕೆಟ್ ನೆಟ್ಟಗೆ ಮೇಲೇರಿತು. 40 ಮೀಟರ್ ದೂರದಲ್ಲಿ ನಿಂತ ಒಬ್ಬಳು ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ನೋಡಿದಾಗ ತುತ್ತತುದಿಯಲ್ಲಿ 45 ಡಿಗ್ರಿ ಬಂತು. ಅವಳ ಕಣ್ಣು ನೆಲದಿಂದ 1.4 ಮೀಟರ್ ಎತ್ತರದಲ್ಲಿದೆ. ಹಾಗಾದರೆ ರಾಕೆಟ್ ಎಷ್ಟು ಎತ್ತರ ಹೋಯಿತು? ಉತ್ತರ ಮುಂದಿನ ಸಂಚಿಕೆಯಲ್ಲಿ.